ನಿನ್ನ ಎಲೆಯ ಎದುರಿನ ಸೀಸದ ಬೊಂಬೆ

ಮಣ್ಣಗುಡ್ಡ, ಆಟಿ ತಿಂಗಳು, ೧೯೪೭

ಲೋಕಯ್ಯಣ್ಣಾ,

ಇವತ್ತು ಆಟಿಯ ಪದ್ಧತಿಯಂತೆ ಮನೆಯಲ್ಲಿ ಸತ್ತವರಿಗೆ ಬಡಿಸಿದೆವು. ಅಪ್ಪನ ಎಲೆಯ ಪಕ್ಕದಲ್ಲಿ ಅಮ್ಮ ನಿನಗೂ ಒಂದು ಎಲೆ ಹಾಕಿದಳು. ಹೊಟ್ಟೆ ತುಂಬಿತೇ?

ನಿನ್ನದೊಂದು ಫೋಟೋ ಇಲ್ಲ. ಬೊಂಬಾಯಿ ಬಂದರಿನ ಡಾಕಿನಲ್ಲಿ, ವಿಮಾನ ಇಳಿಯುವ ಯುದ್ಧದ ಹಡಗುಗಳಿಗೆ ಬಣ್ಣ ಬಳಿಯುತ್ತಾ, ನಾವಿಕರಿಂದ ಒಂದೊಂದೇ ಸಂಪಾದಿಸಿ ಕಳಿಸುತ್ತಿದ್ದೆಯಲ್ಲ, ಹಡಗಿನ ಆಳುಗಳ ಆ ಸೀಸದ ಬೊಂಬೆಗಳ ಡಬ್ಬವನ್ನು ಅಮ್ಮ ತೆಗೆದಳು. ವಿಮಾನದ ಚಕ್ರಕ್ಕೆ ಅಡ್ಡ ಇಡುವವ, ಹಗ್ಗ ಎಳೆಯುವವ, ಬೆಂಕಿ ಆರಿಸುವವ. ಹನ್ನೊಂದರಲ್ಲಿ ಎರಡು ಕೈಯಲ್ಲೂ ಹಲಗೆ ಹಿಡಿದವನನ್ನು ಆರಿಸಿ ನಿನ್ನ ಎಲೆಯ ಎದುರು ನಿಲ್ಲಿಸಿದಳು. ಅವನು ಹೀಗೆ ಕೈ ನೇರ ಚಾಚಿದರೆ, ಬರುವ ವಿಮಾನಕ್ಕೆ ‘ದಾರಿ ಸರಿ ಉಂಟು, ಇಳಿ’ ಎಂದರ್ಥವೆಂದು ನೀನೇ ಬರೆದಿದ್ದೆ.

“ಅಣ್ಣ ಸತ್ತದ್ದು ಅಂತ ಯಾರು ಹೇಳಿದ್ದು?” ಎಂದೆ.

“ಮದ್ದಿನ ಹಡಗು ಸಿಡಿದು ಡಾಕ್ ಸುಟ್ಟು ಮೂರು ವರ್ಷ ಆಯ್ತು. ಬದುಕಿದ್ದರೆ ನನ್ನ ಮಗ ಕಾಗದ ಹಾಕದೆ ಇರ್ತಾನಾ? ನಿನಗೆ ಎಂತ ಗೊತ್ತುಂಟು?”

ಗೊತ್ತುಂಟು. ಬೊಂಬಾಯಿಯಿಂದ ನಿನ್ನೆ ಬಂದ ನೋಣಯ್ಯ ಮಾವ ನಿನ್ನನ್ನು ಕಂಡಿದ್ದಾರೆ. ನಿನಗೆ ಹೆಂಡತಿ, ಮಗು, ಅಲ್ಲೇ ಪರೇಲಿನಲ್ಲಿ ಮನೆ. “ಊರಲ್ಲಿ ಹೇಳ್ಬೇಡಿ” ಎಂದೆಯಂತೆ. ನಾಚಿಕೆ ಆಗಲಿಲ್ಲವಾ ನಿನಗೆ? ನೀನು ಒಳ್ಳೆಯವನೆಂದು ನಂಬಿದ್ದಕ್ಕೇ ಅಮ್ಮ ನಿನ್ನನ್ನು ಸತ್ತವರ ಸಾಲಿಗೆ ಸೇರಿಸಿದ್ದಾಳೆ. ಆ ನಂಬಿಕೆ ಕೆಡಿಸಲು ನನಗೆ ಬಾಯಿ ಬರಲಿಲ್ಲ. ವಿಳಾಸ ಕೈಯಲ್ಲಿದ್ದರೂ ಈ ಕಾಗದ ಹಾಕುವುದಿಲ್ಲ.

ಸತ್ತವರು ಉಣ್ಣಲೆಂದು ಬಾಗಿಲು ಮುಚ್ಚಿ ಕಾದೆವು. ಆಮೇಲೆ ನಿನ್ನ ಎಲೆಯ ಮುಂದೆ ನಾನೇ ಕೂತು, ಸಿಟ್ಟಿನಿಂದ, ಒಂದು ಅಗುಳೂ ಬಿಡದೆ ಉಂಡೆ.

ಬೊಂಬೆಯನ್ನು ಡಬ್ಬಕ್ಕೆ ಹಾಕಲು ಮಾತ್ರ ಆಗಲಿಲ್ಲ. ಕಿಟಕಿಯಲ್ಲಿ ನಿಂತಿದೆ, ರಸ್ತೆಯ ಕಡೆಗೆ ಎರಡೂ ಕೈ ನೇರ ಚಾಚಿಕೊಂಡು.

ನಳಿನಾಕ್ಷಿ