ಮಾತಾಡೋಕೆ ಮನೇಲಿ ಯಾರೂ ಇಲ್ಲ

ಕಡಯಂ
೧೮ ಜೂನ್ ೨೦೨೧

ಸಂಗರಪಾಂಡಿಯವರಿಗೆ,

ನಿಮ್ಮ ಹೆಸರನ್ನು ನಾನು ಬರೆದದ್ದು ಇದೇ ಮೊದಲು. ಮದುವೆಯಾದ ಮೇಲೆ ಬಾಯಲ್ಲೂ ಆಡಿದವಳಲ್ಲ. ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಲ್ಲವೆಂದು ನೀವೇ ಎರಡು ಹಾಳೆ ತುಂಬ ಬರೆದಿದ್ದೀರಿ. ಬಸ್ಸುಗಳು ಮತ್ತೆ ನಿಂತಿವೆ, ನಿದ್ದೆಯಿಲ್ಲ, ಎದೆಯೊಳಗೆ ಏನೋ ಕುಸಿದಂತಾಗುತ್ತದೆ, ಜೊತೆಗೆ ಯಾರಾದರೂ ಇರಬೇಕೆಂದು ಡಾಕ್ಟರು ಹೇಳಿದ್ದಾರೆ, ಆದ್ದರಿಂದ ಹೊರಟು ಬಾ. ಆ ‘ಯಾರಾದರೂ’ ನಾನು. ಓದಿ ನಗು ಬಂತು. ಏನಂತೆ ಎಂದು ಚಿಕ್ಕಮ್ಮ ಕೇಳಿದಳು. ‘ಕಂಡಕ್ಟರಿಗೆ ಪ್ಯಾಸೆಂಜರ್ ಬೇಕಂತೆ’ ಅಂದೆ.

ತೆಂಕಾಸಿ ಬಸ್ಸಿನಲ್ಲಿ ನೀವು ಎಲ್ಲರಿಗೂ ಬೇಕಾದವರು. ಒಮ್ಮೆ ನಾನೂ ಅದರಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಹೂವಿನ ಬುಟ್ಟಿಯ ಮುದುಕಿಗೆ, ‘ಏನಜ್ಜಿ, ಸೊಸೆ ಇವತ್ತಾದ್ರೂ ಅನ್ನ ಹಾಕಿದ್ಲಾ?’ ಎಂದಿರಿ. ಕಾಲೇಜು ಹುಡುಗಿಯರಿಗೆ, ‘ಒಳಗೆ ಹೋಗ್ರಮ್ಮಾ, ಬಿದ್ರೆ ನಿಮ್ಮಪ್ಪ ನನ್ನ ಹಿಡ್ಕೋತಾನೆ’ ಎಂದಿರಿ. ಬಸ್ಸೆಲ್ಲ ನಕ್ಕಿತು. ಯಾರ ಗಂಡನಪ್ಪಾ ಇವನು ಎಂದುಕೊಂಡೆ. ಮನೆಗೆ ಬಂದರೆ ಚಪ್ಪಲಿ ಬಿಡುವಷ್ಟರಲ್ಲಿ ನಿಮ್ಮ ಬಾಯಿ ಮುಚ್ಚುತ್ತಿತ್ತು. ‘ಇಡೀ ದಿನ ಕೂಗಿ ಗಂಟಲು ಹೋಗಿದೆ. ನಿನ್ನ ಪುರಾಣ ಬೇಡ.’

ಪಕ್ಕದ ಮನೆಯ ಮಾರಿಸೆಲ್ವಿ ಹೂ ಕಟ್ಟಲು ನಮ್ಮ ಜಗುಲಿಗೆ ಬರುತ್ತಿದ್ದಳು. ‘ಇದೇನು ಮನೆಯಾ, ಬಸ್ ಸ್ಟ್ಯಾಂಡಾ?’ ಎಂದು ಅವಳೆದುರಿಗೇ ಕೇಳಿದಿರಿ. ಹೂವಿನ ತಟ್ಟೆ ಎತ್ತಿಕೊಂಡು ಹೋದವಳು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ತವರಿಗೆ ಹೋಗುತ್ತೇನೆಂದರೆ ಹಬ್ಬ ಬರಲಿ ಎನ್ನುತ್ತಿದ್ದಿರಿ. ಹಬ್ಬ ಬಂದರೆ ಡ್ಯೂಟಿ ಎನ್ನುತ್ತಿದ್ದಿರಿ. ಮಗು ಹೊಟ್ಟೆಯಲ್ಲೇ ತೀರಿಹೋದ ವರ್ಷ ನಾನು ಅಡುಗೆಮನೆಯ ಗೋಡೆಯ ಜೊತೆ ಮಾತಾಡಲು ಶುರು ಮಾಡಿದೆ. ನಿಮಗೆ ಹೇಳಿದೆ ಕೂಡ: ‘ರೀ, ನನಗೇನೋ ಆಗ್ತಿದೆ. ಗೋಡೆ ಉತ್ತರ ಕೊಟ್ಟ ಹಾಗನ್ಸುತ್ತೆ.’ ‘ಮಾಡೋಕೆ ಕೆಲಸ ಇಲ್ಲದೋರಿಗೆ ಹೀಗೇ ಆಗೋದು’ ಎಂದು ಮಗ್ಗುಲು ಬದಲಿಸಿದಿರಿ. ಯಾವ ಡಾಕ್ಟರಿಗೂ ತೋರಿಸಲಿಲ್ಲ. ಅದಕ್ಕೊಂದು ಹೆಸರಿದೆ, ಅದೂ ಒಂದು ಕಾಯಿಲೆ ಎಂದು ನನಗೆ ಗೊತ್ತಾದದ್ದು ನಿಮಗೆ ಬಂದಾಗ.

ಹೋದ ವರ್ಷ ಕೊರೊನಾ ಬಂದು ಊರಿಗೆಲ್ಲ ಬೀಗ ಬಿತ್ತಲ್ಲ, ಮೊದಮೊದಲು ನೀವು ವಿಸಲ್ ತೊಳೆದು ಒರೆಸಿ ಇಡುತ್ತಿದ್ದಿರಿ. ಆಮೇಲೆ ಟಿವಿಯ ಜೊತೆ ಜಗಳ. ಅದೂ ಮುಗಿದ ಮೇಲೆ ಸ್ನಾನ ಬಿಟ್ಟಿರಿ, ಊಟ ಬಿಟ್ಟಿರಿ, ಗೋಡೆಗೆ ಮುಖ ಮಾಡಿ ಮಲಗಿದಿರಿ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಗಂಜಿ ಕಾಸಿ ತಂದೆ, ತಲೆಗೆ ಎಣ್ಣೆ ತಟ್ಟಿದೆ, ಪಕ್ಕದಲ್ಲಿ ಕೂತು ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಇಷ್ಟು ವರ್ಷದ್ದು ಕೂಡಿತ್ತಲ್ಲ. ‘ಸ್ವಲ್ಪ ಸುಮ್ನಿರ್ತೀಯಾ?’ ಎಂದಿರಿ.

ಒಂದು ಬೆಳಿಗ್ಗೆ ನೀವು ಕಾಣಲಿಲ್ಲ. ನಡೆದೇ ಡಿಪೋಗೆ ಹೋಗಿ, ನಿಂತಿದ್ದ ಬಸ್ಸೊಂದರಲ್ಲಿ ನಿಮ್ಮ ಸೀಟಿನ ಮೇಲೆ ಕೂತುಬಿಟ್ಟಿದ್ದಿರಿ. ಪೊಲೀಸಿನವನು ಬೈಕಿನಲ್ಲಿ ಮನೆಗೆ ತಂದು ಬಿಟ್ಟ. ಒಳ್ಳೆಯ ಮನುಷ್ಯ, ಬೈಯಲಿಲ್ಲ. ‘ಯಾಕಣ್ಣಾ ಅಲ್ಲಿ ಹೋಗಿ ಕೂತಿದ್ರಿ?’ ಎಂದ.

‘ಮಾತಾಡೋಕೆ ಮನೇಲಿ ಯಾರೂ ಇಲ್ಲ ಸಾರ್’ ಎಂದು ನೀವು ಅತ್ತಿರಿ.

ನಾನು ಬಾಗಿಲಲ್ಲೇ ನಿಂತಿದ್ದೆ. ನಿಮಗಾಗಿ ತಂದ ನೀರಿನ ಚೊಂಬು ಕೈಯಲ್ಲಿತ್ತು. ಅವನು ನನ್ನನ್ನು ನೋಡಿ, ‘ಮತ್ತೆ ಇವರು?’ ಎಂದ.

‘ಇವಳು ಮನೆಯವಳು’ ಎಂದಿರಿ.

ಸುಳ್ಳಲ್ಲ. ಕದ, ಕಿಟಕಿ, ಒಲೆ, ಅವುಗಳ ಜೊತೆ ನಾನೊಬ್ಬಳು ಮನೆಯವಳು. ಆ ಮಾತನ್ನು ನೀವು ಸಿಟ್ಟಿನಲ್ಲಿ ಆಡಿದ್ದರೆ ಅಂದೇ ಮರೆಯುತ್ತಿದ್ದೆ. ಅವನು ಕೇಳಿದ್ದಕ್ಕೆ ನೀವು ಉತ್ತರ ಕೊಟ್ಟಿರಿ, ಅಷ್ಟೇ.

ಆ ದಿನಗಳಲ್ಲೇ ಬೀದಿಯ ಹೆಂಗಸರು ಸಂಜೆಯಾದರೆ ತಾರಸಿ ಹತ್ತುತ್ತಿದ್ದರು. ನಾನು ಒಗೆದ ಬಟ್ಟೆ ತೆಗೆಯಲು ಹೋದಾಗ ಮಾರಿಸೆಲ್ವಿ ತನ್ನ ತಾರಸಿಯಿಂದ, ‘ಪೇಚಿ ಅಕ್ಕಾ, ಬದುಕಿದ್ದೀಯಾ? ಮಣ್ಣು ಮಾಡಿಬಿಟ್ರು ಅಂದ್ಕೊಂಡಿದ್ದೆ!’ ಎಂದು ಕೂಗಿದಳು. ‘ಮಣ್ಣು ಮಾಡೋಕೂ ಪಾಸ್ ಬೇಕಂತೆ ಕಣೇ’ ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾತಾಡಿ ಗಂಟಲು ನೋಯುವ ಸುಖ ಏನೆಂದು ಆಗ ತಿಳಿಯಿತು. ಊರೆಲ್ಲ ಒಳಗೆ ಕೂತಾಗ ನಾನು ಹೊರಗೆ ಬಂದೆ. ನಿಮಗೆ ಅದನ್ನು ಸಹಿಸಲಾಗಲಿಲ್ಲ. ಹಾಸಿಗೆಯಿಂದ ಏಳಲಾರದ ಮನುಷ್ಯ ಎದ್ದು ಮೆಟ್ಟಿಲು ಹತ್ತಿ ಬಂದಿರಿ. ‘ನಾನಿಲ್ಲಿ ಸಾಯ್ತಾ ಇದೀನಿ, ನಿನಗೆ ನಗು ಬರುತ್ತಾ?’ ಎಂದು ನನ್ನನ್ನು ಕೆಳಗಿಳಿಸಿ, ತಾರಸಿಯ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರಿ. ನಿಮ್ಮ ಕಾಯಿಲೆಯನ್ನು ಕ್ಷಮಿಸಬಲ್ಲೆ. ಆ ಕೀಲಿಯನ್ನು ಕ್ಷಮಿಸಲಾರೆ.

ಬಸ್ಸುಗಳು ಓಡಲು ಶುರುವಾಗಿ, ನೀವು ಡ್ಯೂಟಿಗೆ ಹೋದ ಮೊದಲ ದಿನವೇ ನಾನು ಬೇರೆ ಬಸ್ಸು ಹತ್ತಿದೆ. ಈಗ ಚಿಕ್ಕಮ್ಮನ ಜಗುಲಿಯಲ್ಲಿ ನಾಲ್ಕು ಜನ ಹೆಂಗಸರು ಬಾಯಿಗೆ ಸೆರಗು ಕಟ್ಟಿ, ದೂರ ದೂರ ಕೂತು ಬೀಡಿ ಸುತ್ತುತ್ತೇವೆ. ‘ಅಯ್ಯೋ, ಇವಳ ಬಾಯಿಗೆ ಬ್ರೇಕೇ ಇಲ್ವಲ್ಲೇ’ ಎಂದು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನಿಮ್ಮ ಡ್ರೈವರ್ ಸುಡಲೈಮುತ್ತು ಫೋನ್ ಮಾಡಿದ್ದ. ‘ಅಕ್ಕಾ, ಅಣ್ಣ ಏನಾದ್ರೂ ಮಾಡ್ಕೊಂಡ್ರೆ ಜನ ನಿಮ್ಮನ್ನೇ ಅಂತಾರೆ’ ಎಂದ. ‘ನನ್ನ ಹೆದರಿಸೋ ಹೊತ್ತಲ್ಲಿ ಅವರ ಬಾಗಿಲು ತಟ್ಟಬಹುದಿತ್ತಲ್ಲಪ್ಪಾ. ಇಷ್ಟು ವರ್ಷ ಒಂದೇ ಬಸ್ಸಲ್ಲಿ ಉಂಡೋರು ನೀವು’ ಎಂದೆ. ದಿನಾ ಸಂಜೆ ಬಂದು ನಿಮ್ಮ ಜಗುಲಿಯಲ್ಲಿ ಕೂರುತ್ತೇನೆ ಎಂದ. ಬಂದರೆ ಬಾಗಿಲು ತೆಗೆಯಿರಿ. ಮುಖ ತೊಳೆದುಕೊಂಡು ತೆಗೆಯಿರಿ.

ನಾನು ಬರುವುದಿಲ್ಲ. ನಿಮ್ಮ ನೋವು ನಾಟಕವೆಂದು ಹೇಳುತ್ತಿಲ್ಲ. ಅದು ಎಷ್ಟು ನಿಜವೆಂದು ನನಗಿಂತ ಬಲ್ಲವರಿಲ್ಲ. ಹೊಟ್ಟೆ ಉರಿಯುವುದೂ ಅದಕ್ಕೇ. ಮಾತ್ರೆಯ ಜೊತೆ ನುಂಗುವ ನೀರಿನ ಹಾಗೆ ನನ್ನನ್ನು ಕರೆಯಬೇಡಿ. ಇನ್ನೊಂದು ಕಾಗದ ಬರೆದರೆ ಓದುತ್ತೇನೆ. ಉತ್ತರ ಬರುತ್ತದೆಂದು ಕಾಯಬೇಡಿ.

‘ಇಂತಿ ನಿಮ್ಮ’ ಎಂದು ಬರೆಯಲು ಕೈ ಬರುತ್ತಿಲ್ಲ.

ಪೇಚಿಯಮ್ಮಾಳ್

ತಾ.ಕ.: ಕಾಗದದ ಮೂಲೆಯಲ್ಲಿ ನಿಮ್ಮ ಡಾಕ್ಟರಮ್ಮನ ನಂಬರ್ ಬರೆದಿದ್ದಿರಿ. ನಿನ್ನೆ ಫೋನ್ ಮಾಡಿದೆ. ಸ್ವಲ್ಪ ಸಮಾಧಾನವಾಯಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬಾರದಂತೆ, ನೆನಪಿರಲಿ. ನಿಮ್ಮ ವಿಷಯವೆಲ್ಲ ಹೇಳಿ ಮುಗಿಸಿ ಆಕೆ, ‘ನೀವು ಹೇಗಿದ್ದೀರಮ್ಮಾ?’ ಎಂದು ಕೇಳಿದರು. ಲೈನು ಕಟ್ಟಾದ ಹಾಗೆ ಮಾಡಿ ಫೋನ್ ಇಟ್ಟುಬಿಟ್ಟೆ. ನಾಳೆ ಮತ್ತೆ ಮಾಡುತ್ತೇನೆ. ನಿಮ್ಮ ವಿಷಯಕ್ಕಲ್ಲ.