ದೊಡ್ಡ ಮೆಟ್ಟಿಲು

ಶನಿವಾರ, ಹದಿನಾಲ್ಕು

ಸಾರಿ, ಸೋಮವಾರ ಟೆಸ್ಟ್ ಇಟ್ಟುಕೊಂಡು ಡೈರಿ ಬರೆಯುತ್ತಾ ಕೂರಬಾರದು. ಆದರೆ ಪುಸ್ತಕ ತೆರೆದರೆ ಅಜ್ಜಿಯ ಮುಖವೇ ಕಾಣುತ್ತಿದೆ.

ಅಕ್ಕನ ರಿಸೆಪ್ಶನ್ ಇವತ್ತು ಆ ಹಳೇ ಎಸ್ಟೇಟ್ ಬಂಗಲೆಯಲ್ಲಿತ್ತು. ಅಜ್ಜಿ ತಾನು ಚಿಕ್ಕವಳಿದ್ದಾಗ ಅಲ್ಲೇ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕೆಲಸಕ್ಕಿದ್ದ ಆರು ವರ್ಷವೂ ಹಿಂಬಾಗಿಲಲ್ಲೇ ಓಡಾಟ. ಹಾಲ್‌ನಲ್ಲಿರುವ ದೊಡ್ಡ ಮರದ ಮೆಟ್ಟಿಲನ್ನು ಒಂದು ಸಲವೂ ಹತ್ತಿಲ್ಲವಂತೆ. ಇವತ್ತು ಬಂದವಳೇ ನನ್ನ ಕೈ ಹಿಡಿದಳು.

"ಒಂದ್ಸಲ ಮೇಲಕ್ಕೆ ಕರ್ಕೊಂಡು ಹೋಗೇ. ಈ ಮಂಡಿ ನಂಬ್ಕೊಂಡು ಒಬ್ಬಳೇ ಹತ್ತೋಕಾಗಲ್ಲ."

"ಐದೇ ನಿಮಿಷ ಅಜ್ಜಿ, ಫ್ರೆಂಡ್ಸ್ ಜೊತೆ ಒಂದು ಫೋಟೋ."

"ನಿನ್ನ ಐದು ನಿಮಿಷ ನಂಗೊತ್ತು. ಅಷ್ಟರಲ್ಲಿ ನಿಂಗೂ ಮದುವೆ ಆಗಿರುತ್ತೆ."

ಎಲ್ಲರೂ ನಕ್ಕೆವು. ಅದೇ ಮೆಟ್ಟಿಲ ಮೇಲೆ ನಿಂತು ನಾನು ನಲವತ್ತು ಫೋಟೋ ತೆಗೆಸಿಕೊಂಡೆ. ಅಜ್ಜಿ ಕೆಳಗೆ ಕುರ್ಚಿಯಲ್ಲಿ, ಮೆಟ್ಟಿಲು ಕೊಳೆಯಾಗಬಾರದೆಂದು ಆಗಲೇ ಚಪ್ಪಲಿ ಬಿಚ್ಚಿಟ್ಟು ಕಾಯುತ್ತಿದ್ದಳು.

ಆರು ಗಂಟೆಗೆ ಬಂಗಲೆಯ ಮ್ಯಾನೇಜರ್ ಬಂದು ಎಲ್ಲರನ್ನೂ ಇಳಿಸಿ, ಮೆಟ್ಟಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿದರು. "ಟೈಮ್ ಆಯ್ತು ಮೇಡಂ, ಇನ್ಮೇಲೆ ಯಾರನ್ನೂ ಬಿಡಲ್ಲ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ನನಗಿಷ್ಟು ಸಂಕಟ ಆಗುತ್ತಿರಲಿಲ್ಲ. ಬಗ್ಗಿ ನಿಧಾನವಾಗಿ ಚಪ್ಪಲಿ ಹಾಕಿಕೊಂಡಳು. "ಬಿಡೇ, ಅದನ್ನ ಕೆಳಗಿಂದ ನೋಡಿ ನಂಗೆ ಅಭ್ಯಾಸ ಇದೆ" ಅಂದಳು.

ಮ್ಯಾನೇಜರ್‌ಗೆ ಮೆಸೇಜ್ ಹಾಕಬೇಕು. ಇಂಗ್ಲಿಷ್‌ನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ, ಒಂದೂ ಸರಿಹೋಗಲಿಲ್ಲ. ಕನ್ನಡದಲ್ಲೇ ಇಲ್ಲಿ ಬರೆದುಕೊಂಡು ಕಳಿಸುತ್ತೇನೆ.

ಸರ್, ನಮ್ಮ ಅಜ್ಜಿ ನಾಳೆ ಮಧ್ಯಾಹ್ನ ಊರಿಗೆ ಹೊರಡುತ್ತಾರೆ. ಬೆಳಿಗ್ಗೆ ಹತ್ತೇ ನಿಮಿಷ ಆ ಹಗ್ಗ ಬಿಚ್ಚುತ್ತೀರಾ? ಕೈ ಹಿಡಿದುಕೊಳ್ಳಲು ನಾನಿರುತ್ತೇನೆ. ದಯವಿಟ್ಟು ಬೇಗ ಉತ್ತರ ಕೊಡಿ.