ಕಡಲಿಗೆ ಸುರಿದ ಅಚ್ಚಿನ ಮೊಳೆಗಳು

ನ್ಯೂಪೋರ್ಟ್
ಮಾರ್ಚ್ 14, 1775

ಮುದ್ದು ತಂಗಿ ಹುಲ್ಡಾಗೆ,

ಅಕ್ಕನ ಪ್ರೀತಿಯ ನೆನಪುಗಳು. ಹ್ಯಾಲಿಫ್ಯಾಕ್ಸಿನಿಂದ ನೀನು ಬರೆದ ಎರಡೂ ಕಾಗದ ತಲುಪಿದವು. ಮಗುವಿಗೆ ಹಲ್ಲು ಬಂದದ್ದು ಓದಿ ಖುಷಿಯಾಯಿತು. ತಡವಾಯಿತೆಂದು ಬೈಯಬೇಡ. ಅಂಚೆಯವನು ಈಗ ನಮ್ಮ ಬಾಗಿಲಿಗೆ ಬರುವುದಿಲ್ಲ. ನಿಮ್ಮೂರಿಗೆ ಹೊರಟ ಮೀನಿನ ದೋಣಿಯವರ ಕೈಯಲ್ಲಿ ಇದನ್ನು ಕದ್ದು ಕಳಿಸುತ್ತಿದ್ದೇನೆ.

ನಿನ್ನ ಭಾವನ ಸ್ವಭಾವ ನಿನಗೆ ಗೊತ್ತಲ್ಲ. ಹದಿನೆಂಟು ವರ್ಷದಿಂದ ಅವರ ಪತ್ರಿಕೆಯಲ್ಲಿ ಎರಡೂ ಪಕ್ಷದವರಿಗೆ ಜಾಗವಿತ್ತು. ಜನವರಿಯಲ್ಲಿ ಪಾದ್ರಿಯೊಬ್ಬರು ಲಂಡನ್ನಿನ ಪಾರ್ಲಿಮೆಂಟು ಹಾಕಿದ ಸುಂಕ ನ್ಯಾಯವಾದದ್ದು ಎಂದು ಬರೆದದ್ದನ್ನೂ ಅಚ್ಚು ಹಾಕಿದರು. ಅಲ್ಲಿಂದ ಶುರುವಾಯಿತು.

ನಮ್ಮಣ್ಣ ಗಿಡಿಯನ್ ಈಗ ಸುಂಕದ ವಿರುದ್ಧ ಕಟ್ಟಿದ ಊರ ಸಮಿತಿಯ ಮುಖಂಡ. ಮನೆಗೆ ಬಂದವನು ನಿನ್ನ ಭಾವನ ಮುಂದೆ ಟೋಪಿಯನ್ನೂ ತೆಗೆಯಲಿಲ್ಲ.

“ಎಲ್ನೇಥನ್, ಆ ಪಾದ್ರಿ ಗೀಚಿದ್ದನ್ನ ಇನ್ನೊಂದ್ಸಲ ಹಾಕಿದ್ರೆ ಊರು ಸುಮ್ನಿರಲ್ಲ” ಅಂದ.

“ನೀನು ಬರೆದದ್ದನ್ನೂ ಪಕ್ಕದಲ್ಲೇ ಹಾಕಿದೀನಲ್ಲಯ್ಯಾ. ಓದೋರಿಗೆ ತಲೆ ಇಲ್ವಾ?”

“ನಮ್ಮನ್ನ ಒಂದು ಮಾತೂ ಕೇಳದೆ ಸುಂಕ ಹೇರ್ತಾರೆ. ಅಂಥೋರ ಪರ ಮಾತಾಡೋಕೆ ನಿನ್ನ ಅಚ್ಚುಕೂಟವೇ ಬೇಕಿತ್ತಾ?”

“ಆ ಸುಂಕ ಅನ್ಯಾಯ ಅಂತ ಈ ಊರಲ್ಲಿ ಮೊದಲು ಬರೆದೋನೇ ನಾನು. ಲಂಡನ್ನಿನೋರು ನನ್ನ ಕೇಳದೆ ಸುಂಕ ಹಾಕಬಾರದು, ನೀನು ಮಾತ್ರ ನನ್ನ ಕೇಳದೆ ನನ್ನ ಬಾಯಿ ಮುಚ್ಚಿಸಬಹುದು. ಅಲ್ವಾ?”

ಅಣ್ಣ ಎದ್ದು ಹೋದ. ಮರುವಾರ ಹೆಂಡದಂಗಡಿಯ ಬಾಗಿಲಿಗೆ ನಿನ್ನ ಭಾವನ ಹೆಸರು ಅಂಟಿಸಿದರು, ‘ನಾಡಿನ ಶತ್ರು’ ಎಂದು. ಗಿರಣಿಯವನು ನಮ್ಮ ಜೋಳ ಬೀಸುವುದಿಲ್ಲ. ಸುಂಕದ ಚಹಾ ಬೇಡವೆಂದು ನಾನೂ ಎಲ್ಲರಂತೆ ಚಹಾ ಬಿಟ್ಟವಳೇ. ಆದರೂ ನೂಲುವ ಕೂಟಕ್ಕೆ ಹೋದರೆ ಗೆಳತಿ ಪ್ರೂಡೆನ್ಸ್, “ನಿನ್ನ ಮೇಲೆ ನಮಗೇನೂ ಕೋಪ ಇಲ್ಲಮ್ಮಾ, ರಾಟೆ ಮಾತ್ರ ನಿಮ್ಮನೇಲೇ ಇಟ್ಕೊ” ಅಂದಳು.

ಮೂರು ಭಾನುವಾರಗಳ ಹಿಂದೆ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಬಂದರೆ ಅಚ್ಚುಕೂಟ ಬರಿದು. ಅಕ್ಷರದ ಮೊಳೆಗಳನ್ನೆಲ್ಲ ಹೊತ್ತೊಯ್ದು ಬಂದರಿನ ಕಟ್ಟೆಯಿಂದ ಕಡಲಿಗೆ ಸುರಿದಿದ್ದರು. ನೀರು ಇಳಿದ ಮೇಲೆ ನಿನ್ನ ಭಾವ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಹುಡುಕಿದರು. “ಸಿಕ್ತಾ ರಾಜನ ಕಿರೀಟ?” ಎಂದು ಕಟ್ಟೆಯ ಮೇಲಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಸಿಕ್ಕಿದ್ದು ಒಂದು ಬೊಗಸೆ.

ಬಾಗಿಲು ಒಡೆದಿರಲಿಲ್ಲ. ನಮ್ಮ ಮನೆಯದು ಬಿಟ್ಟರೆ ಇನ್ನೊಂದು ಬೀಗದ ಕೈ ಇದ್ದದ್ದು ಸೈಲಸ್ ಟಕರನ ಬಳಿ. ಹನ್ನೆರಡು ವರ್ಷ ನಮ್ಮಲ್ಲಿ ಮೊಳೆ ಜೋಡಿಸಿದವನು.

“ಸೈಲಸ್, ನೀನಾ?” ಎಂದು ನಿನ್ನ ಭಾವ ಕೇಳಿದರು.

“ಈ ಪ್ರಶ್ನೆ ಕೇಳಿಬಿಟ್ರಲ್ಲ ಯಜಮಾನ್ರೇ” ಅಂದವನೇ ಹೊರಟುಹೋದ. ನಮ್ಮಲ್ಲಿ ದುಡಿದವನೆಂದು ಅವನಿಗೂ ಈಗ ಯಾರೂ ಕೆಲಸ ಕೊಡುವುದಿಲ್ಲ.

ನಿನ್ನ ಭಾವ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಬಂದರಿನಲ್ಲಿ ನಿಂತಿರುವ ರಾಜನ ಹಡಗಿನವರು ನಿಮ್ಮೂರಿಗೆ ಕರೆದೊಯ್ಯುತ್ತೇವೆ ಎಂದು ಹೇಳಿಕಳಿಸಿದರು. “ನಾನು ರಾಜನ ಕಡೆಯೋನಲ್ಲ, ಆ ಹಡಗು ಯಾಕೆ ಹತ್ತಲಿ?” ಎನ್ನುತ್ತಾರೆ. ಹೋಗುವಂತಿಲ್ಲ, ಇರುವಂತೆಯೂ ಇಲ್ಲ ಹುಲ್ಡಾ. ಕಿಟಕಿ ಮುಚ್ಚಿಕೊಂಡು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದೇವೆ.

ದೇವರು ನಿನ್ನ ಮನೆಯನ್ನು ತಣ್ಣಗಿಡಲಿ. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು.

ನಿನ್ನ ಅಕ್ಕ,
ಕೆಜಾಯಾ

ಮರೆತಿದ್ದೆ ಎನ್ನಲಾರೆ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಭಾನುವಾರದ ಹಿಂದಿನ ದಿನ ಮೀನುಪೇಟೆಯಲ್ಲಿ ಅಣ್ಣ ನನ್ನನ್ನು ತಡೆದು, “ಸೋಮವಾರ ನಿನ್ನ ಗಂಡನ ಮೈಗೆ ಬಿಸಿ ಡಾಂಬರು ಬಳಿದು ಪುಕ್ಕ ಅಂಟಿಸಿ ಊರಲ್ಲಿ ಮೆರೆಸೋದು ಅಂತ ತೀರ್ಮಾನ ಆಗಿದೆ, ತಂಗಿ. ಮೊಳೆ ಇಲ್ದಿದ್ರೆ ಪತ್ರಿಕೆ ಇಲ್ಲ, ಅವನ ಮೈಗೂ ಯಾರೂ ಕೈ ಹಚ್ಚಲ್ಲ. ಅಚ್ಚುಕೂಟದ ಬೀಗದ ಕೈ ಕೊಡು” ಅಂದ. ನನ್ನ ಸೊಂಟದ ಗೊಂಚಲಿನಿಂದ ಬಿಚ್ಚಿ ಕೊಟ್ಟೆ. ಮಾರನೆಯ ದಿನ ಒಂದೇ ಪುಸ್ತಕ ಹಿಡಿದು ಇವರ ಪಕ್ಕದಲ್ಲಿ ನಿಂತು ಕೀರ್ತನೆ ಹಾಡಿದೆ. ಅದನ್ನು ಹೇಳಿದರೆ ಇವರಿಗೆ ಯಾರೂ ಉಳಿಯುವುದಿಲ್ಲ. ಹೇಳದಿದ್ದರೆ ಸೈಲಸ್ ಕಳ್ಳನಾಗಿಯೇ ಉಳಿಯುತ್ತಾನೆ. ನಿನ್ನೆ ಊಟಕ್ಕೆ ಕೂತಾಗ ಇವರು, “ನೀನೊಬ್ಬಳಾದ್ರೂ ನನ್ನ ಕಡೆ ಇದೀಯಲ್ಲ, ಅಷ್ಟು ಸಾಕು” ಅಂದರು. ನಾನು ಅವರ ತಟ್ಟೆಗೆ ಇನ್ನೊಂದಿಷ್ಟು ಗಂಜಿ ಬಡಿಸಿದೆ.